ರಘೂತ್ತಮರಾಯರ ಏಕನಿಷ್ಠಾ ಪ್ಲಾನು

ರಘೂತ್ತಮರಾಯರು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಹಿಂದೆ ಕೂತವರು. ಆ ಕಿಟಕಿಗೆ ಯಾರೂ ಸಂತೋಷದಿಂದ ಬಂದದ್ದಿಲ್ಲ. ಬಂದವರೆಲ್ಲ ಕೆಲಸಕ್ಕೆ ತಡವಾದವರೇ. ಸುಲೇಪೇಟದ ಬಸ್ಸು ಕೆಟ್ಟಿತ್ತು, ಎಮ್ಮೆ ಈದಿತ್ತು, ಹೆಂಡತಿಯ ಅಣ್ಣ ಬಂದು ಏಳಲೊಲ್ಲದೆ ಕೂತಿದ್ದ ಎಂದು ಒಬ್ಬೊಬ್ಬರದು ಒಂದೊಂದು ಕಥೆ. ರಾಯರು ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, "ಏಳು ನಿಮಿಷ" ಎಂದು ಬರೆದುಕೊಳ್ಳುತ್ತಿದ್ದರು. ಕಾಲನಿಯಲ್ಲಿ ಅವರು ಎದುರಿಗೆ ಬಂದರೆ ಜನ ತಮ್ಮ ಕೈಗಡಿಯಾರ ನೋಡಿಕೊಂಡು ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು. ಮದುವೆ ಮುಂಜಿವೆಗೆ ಕರೆಯುತ್ತಿದ್ದರು, ನಿಜ; ಆದರೆ ಊಟದ ಪಂಕ್ತಿಯಲ್ಲಿ ಅವರ ಎಡಬಲದ ಎಲೆಗಳು ಕೊನೆಗೇ ತುಂಬುತ್ತಿದ್ದವು.

ಇದು ರಾಯರಿಗೆ ಒಳಗೊಳಗೇ ಚುಚ್ಚುತ್ತಿತ್ತು. ರಿಟೈರ್ ಆಗುವುದರೊಳಗೆ ಒಬ್ಬನಾದರೂ ತಾನಾಗಿ ನಗುತ್ತ ಬಂದು ತಮ್ಮನ್ನು ಏನಾದರೂ ಕೇಳಬೇಕು ಎಂಬುದು ಅವರ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ಹೆಂಡತಿ ಪದ್ಮಜಾಬಾಯಿಯ ಮುಂದೆ ಕೂಡ ಇದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಅಂಥ ರಾಯರಿಗೆ ಐವತ್ತಾರನೆಯ ವಯಸ್ಸಿನಲ್ಲಿ ಕೀರ್ತಿ ಬಂತು, ಅದೂ ಮೊಬೈಲ್ ಫೋನಿನ ದಾರಿಯಿಂದ.

ಎರಡು ಸಾವಿರದ ಆರನೆಯ ಇಸವಿ. ಮಗ ಸುಜಯ ಚಿತ್ತಾಪುರದ ಹೈಸ್ಕೂಲಿನಲ್ಲಿ ಮಾಸ್ತರ. ವೈಶಾಖದಲ್ಲಿ ಅವನ ಮದುವೆಯಾಗಿತ್ತು. ಹುಡುಗಿ ವೃಂದಾ, ಚಿಂಚೋಳಿಯ ಗೋಪಾಲರಾಯರ ಮಗಳು. ಆ ಮದುವೆಯಲ್ಲಿ ರಾಯರು ಬೀಗರಿಂದ ಒಂದು ಚಮಚೆಯನ್ನೂ ಮುಟ್ಟಿರಲಿಲ್ಲ. ಕೊಡುವವರೇ ಕಣ್ಣೀರು ಹಾಕುವಷ್ಟು ಗಟ್ಟಿಯಾಗಿ ಬೇಡವೆಂದಿದ್ದರು. (ಹಾಗೆ ಬೇಡವೆಂದದ್ದನ್ನು ಆಮೇಲೆ ಬೇಕಾದವರಿಗೂ ಬೇಡದವರಿಗೂ ಹೇಳಿದ್ದರು, ಆ ಮಾತು ಬೇರೆ.) ಜ್ಯೇಷ್ಠ ಮುಗಿಯುವ ಹೊತ್ತಿಗೆ ಸುಜಯ ತನ್ನ ಸಂಬಳದಲ್ಲಿ ಒಂದು ಮೊಬೈಲ್ ತಂದ. ಅದಕ್ಕೆ ಸಿಮ್ಮು, ಸಿಮ್ಮಿಗೆ ಪ್ಲಾನು ಬೇಕಲ್ಲ. ಅಪ್ಪ, ಮಗ ಇಬ್ಬರೂ ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರದ ಬಂದೇಅಲಿಯ ಅಂಗಡಿಗೆ ಹೋದರು.

ಬಂದೇಅಲಿ ಹನ್ನೊಂದು ಪ್ಲಾನುಗಳ ಬಣ್ಣದ ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ. ಒಂದರಲ್ಲಿ ತಿಂಗಳ ಬಾಡಿಗೆ ಕಡಿಮೆ, ಮಾತು ತುಟ್ಟಿ. ಇನ್ನೊಂದರಲ್ಲಿ ಮಾತು ಅಗ್ಗ, ಬಾಡಿಗೆ ಜಾಸ್ತಿ. ಮತ್ತೊಂದರಲ್ಲಿ ಎರಡೂ ಅಗ್ಗ, ಆದರೆ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಏನೋ ಇತ್ತು. ರಾಯರು ಆ ಇರುವೆ ಸಾಲಿಗೆ ಕಣ್ಣು ಹಚ್ಚಿ ಕೂತದ್ದನ್ನು ನೋಡಿ ಬಂದೇಅಲಿಗೆ ಕನಿಕರ ಬಂತು.

"ಸಾಹೇಬ್ರ, ಬೇಫಿಕರ್ ಈ ಎರಡ್ನೂರ ತೊಂಬತ್ತೊಂಬತ್ತರದು ಒಯ್ರಿ. ಎಲ್ಲಾರೂ ಇದೇ ಒಯ್ಯಾಕತ್ತಾರ."

"ಎಲ್ಲಾರ ಬಳಕಿ ಎಲ್ಲಾರಿಗೆ. ನಮ್ಮನ್ಯಾಗ ಬಳಕಿ ಎಷ್ಟದ, ನಿನಗೇನು ಗೊತ್ತು?"

"ನಿಮಗ ಗೊತ್ತದೇನ್ರಿ?" ಎಂದ ಬಂದೇಅಲಿ.

ರಾಯರು ಹನ್ನೊಂದೂ ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಇಡೀ ಕಾರ್ಖಾನೆಯಲ್ಲಿ ಯಾರು ಎಷ್ಟು ನಿಮಿಷ ಒಳಗಿದ್ದರು, ಎಷ್ಟು ನಿಮಿಷ ಹೊರಗಿದ್ದರು ಎಂಬುದನ್ನು ಬಲ್ಲವರಿಗೆ ತಮ್ಮ ಮನೆಯವರು ಎಷ್ಟು ನಿಮಿಷ ಮಾತಾಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಒಂದು ತಿಂಗಳ ಮಟ್ಟಿಗೆ ಸಾದಾ ಕಾರ್ಡೊಂದನ್ನು ಹಾಕಿಸಿಕೊಂಡು, ಪ್ಲಾನಿನ ನಿರ್ಣಯವನ್ನು ಮುಂದೂಡಿ ಅವರು ಮನೆಗೆ ಬಂದರು. ಬರುವಾಗಲೇ ತಲೆಯಲ್ಲಿ ಅಳತೆಯ ಯೋಜನೆ ಸಿದ್ಧವಾಗಿತ್ತು.

ಟೈಮ್ ಆಫೀಸಿಗೆ ಕಂಪ್ಯೂಟರ್ ಬಂದಾಗ ಹಳೆಯ ಪಂಚಿಂಗ್ ಯಂತ್ರವನ್ನು ಗುಜರಿ ಹರಾಜಿಗೆ ಹಾಕಿದ್ದರು. ಕಾರ್ಡು ತೂರಿಸಿ ಹಿಡಿಕೆ ಒತ್ತಿದರೆ "ಟಣ್" ಎಂದು ಗಂಟೆ, ನಿಮಿಷ ಮುದ್ರೆ ಬೀಳುವ ಯಂತ್ರ. ಅದು ಪರರ ಪಾಲಾಗುವುದನ್ನು ನೋಡಲಾರದೆ ರಾಯರೇ ಕೊಂಡು ತಂದು ಅಟ್ಟದ ಮೇಲಿಟ್ಟಿದ್ದರು. ಈಗ ಅದನ್ನು ಇಳಿಸಿ, ಎಣ್ಣೆ ಹಾಕಿ, ಹಿಂದಿನ ಪಡಸಾಲೆಯ ಕಿಟಕಿಯ ಪಕ್ಕದ ಗೋಡೆಗೆ ಬಡಿದರು. ಆ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಬರುತ್ತಿದ್ದದ್ದು ಆ ಒಂದು ಕಿಟಕಿಯಲ್ಲಿ ಮಾತ್ರ. ಆದ್ದರಿಂದ ಹೆಸರಿಗೆ ಮೊಬೈಲ್ ಆದರೂ ಫೋನು ಕಿಟಕಿಯ ಕಟ್ಟೆ ಬಿಟ್ಟು ಕದಲುವಂತಿರಲಿಲ್ಲ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು. ಫೋನ್ ಎತ್ತುವ ಮುಂಚೆ ಟಣ್, ಇಟ್ಟ ಮೇಲೆ ಟಣ್. ಕಾರ್ಡಿನ ಬೆನ್ನಿಗೆ ಯಾರಿಗೆ, ಯಾತಕ್ಕೆ ಎಂದು ಬರೆಯಬೇಕು.

ತಾಯಿ ಜಾನಕೀಬಾಯಿಯವರು ಮಡಿಯಲ್ಲಿದ್ದಾಗ ಯಂತ್ರ ಮುಟ್ಟುವುದಿಲ್ಲವೆಂದರು. ಅದಕ್ಕೆ ಹಾಕಿದ ಎಣ್ಣೆ ಯಾತರದು ಎಂದು ಮೂರು ಸಲ ಕೇಳಿದರು. ಅವರ ಪರವಾಗಿ ಟಣ್ ಎನಿಸುವ ಕೆಲಸ ಪದ್ಮಜಾಬಾಯಿಯ ಪಾಲಿಗೆ ಬಂತು. ಪದ್ಮಜಾಬಾಯಿ ತನ್ನ ಕಾರ್ಡಿನ ಬೆನ್ನಿಗೆ ಮೊದಲ ದಿನವೇ "ಯಾತಕ್ಕೆ" ಎಂಬುದರ ಎದುರು "ಸುಮ್ಮನೆ" ಎಂದು ಬರೆದಳು. ತಿಂಗಳಿಡೀ ಅದರ ಕೆಳಗೆ ಅಡ್ಡಗೆರೆ ಎಳೆಯುತ್ತ ಹೋದಳು. ಆದರೆ ಅಳತೆ ಸುರುವಾದ ದಿನ ಅವಳೊಂದು ಮಾತು ಹೇಳಿದ್ದಳು: ಆಷಾಢದಲ್ಲಿ ಹೊಸ ಕೆಲಸ ಯಾರೂ ಹಿಡಿಯುವುದಿಲ್ಲ, ಒಂದು ತಿಂಗಳು ತಡೆಯಿರಿ, ಶ್ರಾವಣ ಬರಲಿ. ರಾಯರು ನಕ್ಕುಬಿಟ್ಟರು.

"ಅಂಕಿಗೆ ಆಷಾಢ ಇಲ್ಲ, ಪದ್ಮಜಾ."

ಅಂಕಿಗೆ ಇರಲಿಲ್ಲ, ಮನೆಗೆ ಇತ್ತು. ಮದುವೆಯಾದ ಮೊದಲ ಆಷಾಢ, ಸೊಸೆ ಅತ್ತೆಯ ಮನೆಯಲ್ಲಿರಬಾರದು, ಅಳಿಯ ಮಾವನ ಹೊಸ್ತಿಲು ತುಳಿಯಬಾರದು. ಪದ್ಧತಿಯಂತೆ ವೃಂದಾ ಪಾಡ್ಯಕ್ಕೆ ಮುಂಚೆಯೇ ಚಿಂಚೋಳಿ ಸೇರಿದ್ದಳು. ಸುಜಯ ಸಂಜೆ ಚಿತ್ತಾಪುರದಿಂದ ಬಂದವನೇ ಕಾಲು ತೊಳೆದು, ಆರು ಗಂಟೆಗೆ ಸರಿಯಾಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಟಣ್. ಮಾವನ ಮೊಬೈಲಿಗೆ ಫೋನು. ಮಾವನವರು "ಆರಾಮಿದ್ದೀರೇನು" ಎಂದು ಕೇಳಿ ಮಗಳ ಕೈಗೆ ಕೊಡುತ್ತಿದ್ದರು. ಅಲ್ಲಿಂದ ಮುಂದೆ ನಲವತ್ತು ನಿಮಿಷ ಸುಜಯನ ಬಾಯಿಂದ "ಹ್ಞಾಂ", "ಹೂಂ", "ನೀ ಹೇಳು" ಇಷ್ಟೇ ಕೇಳುತ್ತಿತ್ತು. ಆಮೇಲೆ ಮತ್ತೆ ಟಣ್. ಆ ಎರಡನೆಯ ಟಣ್ ಕೇಳಿದ ಮೇಲೆಯೇ ಪದ್ಮಜಾಬಾಯಿ ಜೋಳದ ಭಕ್ರಿ ಬಡಿಯಲು ಏಳುತ್ತಿದ್ದಳು. "ಯಾತಕ್ಕೆ" ಎಂಬಲ್ಲಿ ಪಾಪ, ಹುಡುಗ ಒಂದು ದಿನ "ಮಳೆ ವಿಚಾರ" ಎಂದು, ಒಂದು ದಿನ "ಪಠ್ಯಕ್ರಮ" ಎಂದು ಬರೆಯುತ್ತಿದ್ದ.

ಅಮಾವಾಸ್ಯೆಗೆ ಅಳತೆ ಮುಗಿಯಿತು. ರಾಯರು ಕಾರ್ಡುಗಳನ್ನೆಲ್ಲ ಹಾಸಿಕೊಂಡು ಕೂತರು. ಒಟ್ಟು ಒಂದು ಸಾವಿರದ ಮುನ್ನೂರ ಹತ್ತು ನಿಮಿಷ. ಅದರಲ್ಲಿ ಶಹಾಬಾದಿನ ಅಕ್ಕನಿಗೆ ಪದ್ಮಜಾಬಾಯಿಯ "ಸುಮ್ಮನೆ" ಎಪ್ಪತ್ತು. ಏಕಾದಶಿ ಇವತ್ತೋ ನಾಳೆಯೋ ಎಂದು ಆಚಾರ್ಯರನ್ನು ಕೇಳಿದ ಜಾನಕೀಬಾಯಿಯವರದು ಮೂವತ್ತೊಂದು. ರಾಯರದು ಹದಿಮೂರು. ಉಳಿದ ಒಂದು ಸಾವಿರದ ನೂರ ತೊಂಬತ್ತಾರು ನಿಮಿಷವೂ ಚಿಂಚೋಳಿಯ ಒಂದೇ ನಂಬರಿಗೆ. ರಾಯರ ಮೈ ಜುಮ್ಮೆಂದಿತು. ಇಷ್ಟು ಸ್ವಚ್ಛವಾದ ಅಂಕಿ ಅವರ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ.

ಆ ಹನ್ನೊಂದು ಕಾಗದಗಳಲ್ಲಿ ಒಂದು ಪ್ಲಾನು ಇದಕ್ಕಾಗಿಯೇ ಹುಟ್ಟಿದಂತಿತ್ತು. ವರ್ಷದ ಬಾಡಿಗೆ ಮುಂಗಡ. ನಾವು ಆರಿಸಿಕೊಂಡ ಒಂದು ನಂಬರಿಗೆ ವರ್ಷವಿಡೀ ಎಷ್ಟು ಮಾತಾಡಿದರೂ ಪುಕ್ಕಟೆ. ಬೇರೆ ಯಾವ ನಂಬರಿಗೆ ಮಾಡಿದರೂ ಮಾತು ಭಾರೀ ತುಟ್ಟಿ. ಆ ಒಂದು ನಂಬರನ್ನು ವರ್ಷ ಮುಗಿಯುವ ತನಕ ಬದಲಾಯಿಸುವಂತಿಲ್ಲ. ಕಂಪನಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿತ್ತು. ರಾಯರು ಅದನ್ನು "ಏಕನಿಷ್ಠಾ ಪ್ಲಾನು" ಎಂದು ನಾಮಕರಣ ಮಾಡಿದರು. ಪದ್ಮಜಾಬಾಯಿ "ಅಲ್ರಿ, ಮುಂದಿನ ತಿಂಗಳು..." ಎಂದು ಬಾಯಿ ತೆರೆದಳು. ಶೇಕಡಾ ತೊಂಬತ್ತೊಂದರ ಮುಂದೆ ಬಾಯಿ ತೆರೆಯಬಾರದು ಎಂದು ರಾಯರು ಅವಳನ್ನು ತಡೆದು, ಮರುದಿನವೇ ವರ್ಷದ ಬಾಡಿಗೆ ಕಟ್ಟಿ ಬಂದರು.

ಆಫೀಸಿನಲ್ಲಿ ಈ ಅಳತೆಯ ಸಾಹಸವನ್ನು ಆಷಾಢದ ಮೊದಲ ವಾರದಲ್ಲೇ ಇಬ್ಬರಿಗೆ ಹೇಳಿದ್ದರು. ಇಬ್ಬರು ಇಪ್ಪತ್ತು ಜನಕ್ಕೆ ಹೇಳಿದರು. ಆಗೆಲ್ಲ ಕಾಲನಿಯ ಮನೆಮನೆಗೂ ಹೊಸದಾಗಿ ಮೊಬೈಲು ಬರುತ್ತಿದ್ದ ಕಾಲ. ಯಾವ ಪ್ಲಾನು ಹಾಕಿಸಬೇಕೆಂಬುದು ಯಾರಿಗೂ ತಿಳಿಯದು. ಮೊದಲು ಬಂದವನು ಪ್ಯಾಕಿಂಗ್ ವಿಭಾಗದ ಶರಣಬಸಪ್ಪ. ಕಾರ್ಖಾನೆಯ ತಡಗಾರರಲ್ಲೆಲ್ಲ ಅಗ್ರಗಣ್ಯನಾದ ಇವನು ಅಂದು ಪಾಳಿಗೆ ಹತ್ತು ನಿಮಿಷ ಮುಂಚೆ ಬಂದು, ಕಿಟಕಿಯಲ್ಲಿ ನಕ್ಕು, "ಸಾಹೇಬ್ರ, ನನಗೊಂದು ಪ್ಲಾನ್ ಹೇಳ್ರಿ" ಎಂದ. ರಾಯರು ತಡದ ರಿಜಿಸ್ಟರನ್ನು ಮುಚ್ಚಿಟ್ಟರು. ಅವನಿಗೆ ಎಂಟು ದಿನ ತನ್ನ ಮಾತುಗಳನ್ನು ಬರೆದು ತರಲು ಹೇಳಿದರು. ನೋಡಿದರೆ ಅವನ ಮಾತೆಲ್ಲ ಅರ್ಧರ್ಧ ನಿಮಿಷದ್ದು: "ಬರಾಕತ್ತೀನಿ", "ಹತ್ತಿರ ಬಂದೀನಿ", "ಇಲ್ಲೇ ಇದ್ದೀನಿ". ಇದಕ್ಕೆ ಬಾಡಿಗೆಯ ಪ್ಲಾನೇ ಬೇಡ, ಸಣ್ಣ ಕಾರ್ಡು ಸಾಕೆಂದರು. ಅಂಗನವಾಡಿಯ ನೂರಜಹಾನ್ ಬಾಯಿಯವರಿಗೆ ಬರುವ ಫೋನೇ ಎಲ್ಲ, ಹೋಗುವುದು ಒಂದೂ ಇಲ್ಲ. ಬರುವುದಕ್ಕೆ ದುಡ್ಡಿಲ್ಲವಾದ್ದರಿಂದ ಎಲ್ಲಕ್ಕಿಂತ ಅಗ್ಗದ್ದು ಹಾಕಿಸಿರೆಂದರು. ಇಬ್ಬರಿಗೂ ಖರ್ಚು ಅರ್ಧಕ್ಕರ್ಧ ಇಳಿಯಿತು. ಅಷ್ಟಾದದ್ದೇ ತಡ, ರಾಯರ ಮನೆಯ ಮುಂದೆ ಸಂಜೆ ಹೊತ್ತು ಚಪ್ಪಲಿಗಳ ಸಾಲು ಬಿದ್ದಿತು.

ಜನ ಅವರಿಗೆ "ಪ್ಲಾನ್ ರಾಯರು" ಎಂದು ಹೆಸರಿಟ್ಟರು. ಓಣಿಯಲ್ಲಿ ಎದುರಾದವರು ಕೈಗಡಿಯಾರ ನೋಡುವ ಬದಲು ನಿಂತು ನಮಸ್ಕಾರ ಮಾಡತೊಡಗಿದರು. ರಾಯರು ವರ್ಷದ ಬಾಡಿಗೆ ಕಟ್ಟಿ ಬಂದ ದಿನವೇ ಕಾಲನಿಯ ಕ್ಲಬ್ಬಿನವರು ಬಂದು, ಆಗಸ್ಟ್ ಹದಿನೈದರ ಸಂಜೆಯ ಕಾರ್ಯಕ್ರಮದಲ್ಲಿ ಒಂದು ಭಾಷಣ ಮಾಡಿರೆಂದು ಕೇಳಿಕೊಂಡರು. ರಾಯರು ಸ್ವಲ್ಪವೂ ಬಿಗುಮಾನ ಮಾಡಲಿಲ್ಲ. ವಿಷಯವನ್ನೂ ಆಗಲೇ ಬರೆದುಕೊಟ್ಟರು: "ಅಳತೆಯೇ ಪ್ಲಾನಿಗೆ ಮೂಲ." ಮೊದಲ ತಿಂಗಳ ಚಾರ್ಟು ಮತ್ತು ಎರಡನೆಯ ತಿಂಗಳ ಚಾರ್ಟು ಎರಡನ್ನೂ ಪಕ್ಕಪಕ್ಕ ತೂಗುಹಾಕಿ, ಅಳೆದು ಆರಿಸಿದ ಪ್ಲಾನು ಹೇಗೆ ಕೂದಲೆಳೆಯಷ್ಟೂ ತಪ್ಪುವುದಿಲ್ಲವೆಂದು ತೋರಿಸುವುದಾಗಿಯೂ ಮಾತು ಕೊಟ್ಟರು. ಆ ಮಾತನ್ನು ಕ್ಲಬ್ಬಿನವರು ನೋಟೀಸ್ ಬೋರ್ಡಿನಲ್ಲಿ ಕೆಂಪು ಅಕ್ಷರದಲ್ಲಿ ಹಚ್ಚಿದರು.

ಶ್ರಾವಣದ ಎರಡನೆಯ ದಿನ ವೃಂದಾ ಮನೆಗೆ ಬಂದಳು.

ಅಂದು ಸಂಜೆ ಆರು ಗಂಟೆಗೆ ಟಣ್ ಆಗಲಿಲ್ಲ. ಆರೂಕಾಲಾಯಿತು, ಆಗಲಿಲ್ಲ. ರಾಯರು ಎದ್ದು ಹಿಂದಿನ ಬಾಗಿಲಿಗೆ ಬಂದು ನೋಡಿದರೆ ಮಗ, ಸೊಸೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದಾರೆ. ಸುಜಯ "ಹ್ಞಾಂ", "ಹೂಂ", "ನೀ ಹೇಳು" ಎನ್ನುತ್ತಿದ್ದಾನೆ. ರಾಯರು ಬಾಗಿಲ ಮರೆಯಲ್ಲಿ ನಿಂತು ಅಭ್ಯಾಸಬಲದಿಂದ ಗಡಿಯಾರ ಹಿಡಿದರು. ಸರಿಯಾಗಿ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಭೂಮಿಯ ಮೇಲಿನ ಯಾವ ಕಂಪನಿಯ ಚಾರ್ಟಿಗೂ ಬರುವಂಥದಲ್ಲ. ಚಿಂಚೋಳಿಯ ನಂಬರು ಇನ್ನು ಹೆಚ್ಚುಕಡಿಮೆ ಇಡೀ ವರ್ಷ ಪುಕ್ಕಟೆ ಇರುತ್ತದೆ, ಅದಕ್ಕೆ ಫೋನ್ ಮಾಡುವವರು ಮಾತ್ರ ಯಾರೂ ಇಲ್ಲ. ರಾಯರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಪದ್ಮಜಾಬಾಯಿಗೆ ಎಲ್ಲ ತಿಳಿದಿತ್ತು. "ಅವತ್ತು ಹೇಳ್ಲಿಕ್ಕೆ ಬಂದಿದ್ದೆ. ಅಂಕಿಗೆ ಆಷಾಢ ಇಲ್ಲ ಅಂದ್ರಿ," ಎಂದಳು. ಕಟ್ಟಿದ ಬಾಡಿಗೆ ಹೋದರೆ ಹೋಯಿತು, ಭಾಷಣ ಬಿಟ್ಟುಬಿಡಿರೆಂದಳು. ಆದರೆ ರಾಯರಿಗೆ ಬಾಡಿಗೆಯ ಚಿಂತೆ ಎಲ್ಲಿತ್ತು? ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಮಾತು ಬಿದ್ದಿದೆ. ಎರಡನೆಯ ಚಾರ್ಟು ಸೊನ್ನೆಯಾದರೆ ಇಪ್ಪತ್ತಾರು ವರ್ಷಕ್ಕೆ ಬಂದ ನಮಸ್ಕಾರಗಳೆಲ್ಲ ಒಂದೇ ಸಂಜೆಗೆ ವಾಪಸು ಹೋಗುತ್ತವೆ. ಮತ್ತೆ ಜನ ಪಕ್ಕದ ಓಣಿಗೆ ತಿರುಗುತ್ತಾರೆ.

ಒಂದು ಉಪಾಯವಿತ್ತು. ವೃಂದಾ ತನ್ನ ತಾಯಿಯ ಜೊತೆ ದಿನಕ್ಕೆ ನಲವತ್ತು ನಿಮಿಷ ಮಾತಾಡಿದರೆ ಆಯಿತು, ನಂಬರು ಅದೇ. ಮರುದಿನ ರಾಯರು ಸೊಸೆಯನ್ನು ಕರೆದು, ಬೇಕಾದಾಗ ತೌರಿಗೆ ಫೋನ್ ಮಾಡು ತಾಯಿ, ಸಂಕೋಚ ಬೇಡ ಎಂದರು. ಹುಡುಗಿ ಗೋಡೆಯ ಮೇಲಿನ ಯಂತ್ರವನ್ನು ನೋಡಿದಳು. ತನ್ನ ಹೆಸರಿನ ಹೊಸ ಕಾರ್ಡನ್ನು ನೋಡಿದಳು. ಮಾವನವರ ಕೈಯಲ್ಲಿದ್ದ ಗಡಿಯಾರವನ್ನೂ ನೋಡಿದಳು. ಇದು ಪರೀಕ್ಷೆಯೇ ಸರಿ ಎಂದು ತೀರ್ಮಾನಿಸಿ ತಲೆ ತಗ್ಗಿಸಿ ಹೇಳಿದಳು:

"ಬ್ಯಾಡ್ರಿ ಮಾವನವರ. ನನಗ ಇಲ್ಲೇ ಭಾಳ ಛಲೋ ಅನಸ್ತದ."

ರಾಯರು ಹಣೆಗೆ ಕೈ ಹಚ್ಚಿಕೊಳ್ಳುವುದೊಂದು ಬಾಕಿ. ಎರಡು ದಿನ ಬಿಟ್ಟು ಮತ್ತೆ ಹೇಳಿದರೆ ಹುಡುಗಿಯ ಕಣ್ಣಲ್ಲಿ ನೀರೇ ಬಂತು. ತೌರಿನ ಧ್ಯಾನ ಬಿಟ್ಟ ಇಂಥ ಸೊಸೆ ಈ ಕಾಲದಲ್ಲಿ ಸಿಗುವುದಿಲ್ಲವೆಂದು ಜಾನಕೀಬಾಯಿಯವರು ಬಂದವರ ಮುಂದೆಲ್ಲ ಹೊಗಳತೊಡಗಿದರು. ರಾಯರ ಪಾಲಿಗೆ ಆ ಹೊಗಳಿಕೆಯಷ್ಟು ಕಹಿಯಾದದ್ದು ಬೇರೆ ಇರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಅಂದು ಸಂಜೆ ಆರಕ್ಕೆ ರಾಯರು ತಮ್ಮ ಕಾರ್ಡು ತೂರಿಸಿ ಟಣ್ ಎನಿಸಿ, ಸ್ವತಃ ಬೀಗರಿಗೆ ಫೋನ್ ಮಾಡಿದರು.

ಚಿಂಚೋಳಿಯ ಗೋಪಾಲರಾಯರು ಮೂವತ್ತು ವರ್ಷ ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿದ ಸಾತ್ವಿಕರು. ಗಂಡಿನ ತಂದೆ ತಾವಾಗಿ ಫೋನ್ ಮಾಡಿದ್ದಾರೆಂದರೆ ಕೂತು ಮಾತಾಡುವುದುಂಟೇ? ಎದ್ದು ನಿಂತರು. ರಾಯರು ಆರಾಮವೇ ಎಂದು ಕೇಳಿದರು. ಆರಾಮವೆಂದು ಗೋಪಾಲರಾಯರು ಹೇಳಿದರು. ಅಲ್ಲಿಗೆ ಒಂದು ನಿಮಿಷವಾಯಿತು. ಇನ್ನು ಮೂವತ್ತೊಂಬತ್ತು ಉಳಿದವು. ರಾಯರು ಮಳೆಯ ಬಗ್ಗೆ ಕೇಳಿದರು. ಚಂದ್ರಂಪಳ್ಳಿ ಕೆರೆ ತುಂಬಿತೇ ಎಂದರು. ಹೆಸರುಬೇಳೆ ನಿಮ್ಮ ಕಡೆ ಹೇಗಿದೆ ಎಂದರು. ಅದೂ ಮುಗಿದ ಮೇಲೆ ಪಂಚಾಂಗ ತೆಗೆದುಕೊಂಡು ಮುಂದಿನ ಹದಿನೈದು ದಿನದ ತಿಥಿ ನಕ್ಷತ್ರಗಳನ್ನು ಓದಿ ಹೇಳಿದರು. ನಲವತ್ತಕ್ಕೆ ಸರಿಯಾಗಿ "ಬರ್ತೀನ್ರಿ" ಎಂದು ಇಟ್ಟರು. ಚಿಂಚೋಳಿಯಲ್ಲಿ ಗೋಪಾಲರಾಯರು ಮೊಣಕಾಲು ತಿಕ್ಕಿಕೊಳ್ಳುತ್ತ ಕೂತು, ಇವರು ಫೋನ್ ಮಾಡಿದ್ದು ಯಾತಕ್ಕೆ ಎಂದು ಹೆಂಡತಿಯನ್ನು ಕೇಳಿದರು. ಏನೋ ಬೇಕಾಗಿದೆ, ಬಾಯಿಬಿಟ್ಟು ಹೇಳಲಾರರು ಎಂದು ಆ ತಾಯಿ ಅಂದಳು.

ಮೂರನೆಯ ದಿನ ಚಿಂಚೋಳಿಯ ಬಸ್ಸಿನಲ್ಲಿ ಒಂದು ಚೀಲ ಹೆಸರುಬೇಳೆ ಬಂತು. ಚಾತುರ್ಮಾಸ್ಯದ ಮೊದಲ ತಿಂಗಳು, ವ್ರತದ ಅಡಿಗೆಗೆ ತೊಗರಿಬೇಳೆ ನಡೆಯುವುದಿಲ್ಲ. ಬೀಗರು ಅದನ್ನು ಕೂಡ ಮರೆತಿರಲಿಲ್ಲ. ಬೀಗರದು ಎಂಥ ಪ್ರೀತಿ ಎಂದು ರಾಯರು ಉಬ್ಬಿಹೋದರು. ಆ ಪ್ರೀತಿಗೆ ಕೃತಜ್ಞತೆಯಾಗಿ ಅಂದು ನಲವತ್ತೆರಡು ನಿಮಿಷ ಮಾತಾಡಿದರು. ಮಾತಿಗೆ ಮಾತು ಬಂದು, ನಿಮ್ಮ ಗಡಿಯಾರದಲ್ಲಿ ಈಗ ಎಷ್ಟು ಎಂದು ಕೇಳಿದ್ದರು; ನಾಲ್ಕು ದಿನಕ್ಕೆ ಹೊಸ ಗೋಡೆ ಗಡಿಯಾರ ಬಂತು. ಮಳೆ ಜೋರೇ ಎಂದದ್ದಕ್ಕೆ ಎರಡು ಛತ್ರಿ ಬಂದವು. ವಿಷಯ ತೀರಿಹೋಗಿ ಒಂದು ಸಂಜೆ ರಾಯರು, ಬಹಳ ಹೊತ್ತು ನಿಂತು ಮಾತಾಡಿದರೆ ತಮಗೂ ಸೊಂಟ ಹಿಡಿಯುತ್ತದೆ ಎಂದಿದ್ದರು. ಬೆತ್ತದ ಆರಾಮ ಕುರ್ಚಿಯೊಂದು ಬಸ್ಸಿನ ಮೇಲೆ ಕೂತು ಆದಿತ್ಯನಗರಕ್ಕೆ ಬಂತು. ಪದ್ಮಜಾಬಾಯಿ ಆ ಕುರ್ಚಿಯನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿ ನಿಂತಳು. ಇದು ಪ್ರೀತಿಯಲ್ಲ, ಬೀಗರು ಅಂಜಿದ್ದಾರೆ, ನಾಳೆಯಿಂದ ಫೋನ್ ಬಿಡಿ ಎಂದಳು. ರಾಯರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇನ್ನು ಐದೇ ದಿನ ಎಂದರು.

ಹದಿನೈದರ ಸಂಜೆ ಕ್ಲಬ್ಬು ತುಂಬಿತ್ತು. ಹಿಂದಿನ ಸಾಲಿನಲ್ಲಿ ಜನ ನಿಂತಿದ್ದರು. ಸೇಡಮ್ಮಿನಿಂದ ಬಂದೇಅಲಿ ಸಹ ಬಂದು ಮುಂದೆ ಕೂತಿದ್ದ. ರಾಯರು ಜರಿ ಶಲ್ಯ ಹೊದ್ದು, ಎರಡು ಚಾರ್ಟುಗಳನ್ನು ಪಕ್ಕಪಕ್ಕ ತೂಗಿಸಿದರು. ಆಷಾಢದ ಗೆರೆ, ಶ್ರಾವಣದ ಗೆರೆ ಎರಡೂ ಅವಳಿಜವಳಿಯಂತಿದ್ದವು. ಶ್ರಾವಣದ ಮೊದಲ ಮೂರು ನಾಲ್ಕು ದಿನಗಳನ್ನು ಮಾತ್ರ "ಯಂತ್ರಕ್ಕೆ ಎಣ್ಣೆ ಹಾಕಿದ್ದು" ಎಂದು ದಾಟಿಸಿಬಿಟ್ಟಿದ್ದರು. ಒಂದು ತಾಸು ನಿರರ್ಗಳವಾಗಿ ಮಾತಾಡಿದರು. ನೆರೆಯವರು ಕೊಂಡರೆಂದು ಕೊಳ್ಳಬೇಡಿ, ನಿಮ್ಮ ಬಾಯನ್ನು ನೀವು ಅಳೆಯಿರಿ ಎಂದಾಗ ಚಪ್ಪಾಳೆ ಬಿತ್ತು. ಶರಣಬಸಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. ರಾಯರ ಇಡೀ ಆಯುಷ್ಯದಲ್ಲಿ ಅಂಥ ಸಂಜೆ ಇನ್ನೊಂದಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಹಿಂದಿನ ಸಾಲಿನಿಂದ ಒಬ್ಬರು ಮುಂದೆ ಬಂದರು. ಬಿಳಿ ಧೋತರ, ಬಸ್ಸಿನ ಧೂಳು, ಕೈಯಲ್ಲೊಂದು ಸಣ್ಣ ಮಖಮಲ್ಲಿನ ಡಬ್ಬಿ. ಗೋಪಾಲರಾಯರು. ಮನೆಗೆ ಹೋದರೆ ಎಲ್ಲರೂ ಕ್ಲಬ್ಬಿನಲ್ಲಿದ್ದಾರೆಂದು ಕೇಳಿ ನೇರ ಇಲ್ಲಿಗೇ ಬಂದಿದ್ದರು. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದ ಮನುಷ್ಯ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು.

"ರಾಯರ, ನನ್ನದೂ ಒಂದು ಪ್ರಶ್ನೆ ಅದ ರೀ. ಹದಿನೇಳು ದಿನ ಆತು, ದಿನಾ ಆರಕ್ಕ ನಿಮ್ಮ ಫೋನ್ ಬರ್ತದ. ಯಾತಕ್ಕ ಮಾಡೀರಿ ಅಂತ ಒಂದಿನಾನೂ ಹೇಳ್ಲಿಲ್ಲ ನೀವು. ನಮ್ಮಿಂದ ಏನು ಕಡಿಮಿ ಆಗೇದ, ಬಾಯಿ ಬಿಟ್ಟು ಹೇಳಿಬಿಡ್ರಿ. ಮದುವ್ಯಾಗ ನೀವು ಬ್ಯಾಡಂದ ಉಂಗುರ ತಂದೀನಿ. ಇನ್ನ ನನಗ ನಿಂತು ಮಾತಾಡೂದು ಆಗೂದಿಲ್ರಿ."

ರಾಯರು ಒಂದು ಚಮಚೆಯನ್ನೂ ಮುಟ್ಟಲಿಲ್ಲ ಎಂದು ಊರೆಲ್ಲ ಹೇಳಿ ಬಂದವರು. ಬೇಳೆ, ಗಡಿಯಾರ, ಛತ್ರಿ, ಕುರ್ಚಿ ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅದೆಲ್ಲ ಹೆದರಿಕೆಯಿಂದ ಬಂದದ್ದೆಂದು ಈಗ ತಿಳಿಯಿತು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಎರಡು ಚಾರ್ಟುಗಳೂ ಅವರ ಪಕ್ಕದಲ್ಲೇ ತೂಗುತ್ತಿದ್ದವು. ಆದರೆ ಎದುರಿಗೆ ಉಂಗುರದ ಡಬ್ಬಿ ಚಾಚಿ ನಿಂತ ಮುದುಕನನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ವೇದಿಕೆ ಇಳಿದು ಬಂದು ಬೀಗರ ಎರಡೂ ಕೈ ಹಿಡಿದುಕೊಂಡರು. ಮೈಕು ಅವರ ಕೈಯಲ್ಲೇ ಉಳಿದಿತ್ತು.

"ಬೀಗರ, ನಿಮ್ಮ ಕಡಿಂದ ಏನೂ ಕಡಿಮಿ ಆಗಿಲ್ಲ. ಕಡಿಮಿ ಬಿದ್ದದ್ದು ನಿಮಿಷ. ಆಷಾಢದಾಗ ನಮ್ಮ ಹುಡುಗ ನಿಮ್ಮ ಹುಡುಗಿ ಜೋಡಿ ಮಾತಾಡಿದ್ದನ್ನ ನಾ ಇಡೀ ವರ್ಷದ ಬಳಕಿ ಅಂತ ಹಿಡಿದುಬಿಟ್ಟೆ. ಶ್ರಾವಣ ಬಂತು, ಹುಡುಗಿ ಮನಿಗೆ ಬಂದಳು, ಫೋನ್ ನಿಂತಿತು. ನನ್ನ ಚಾರ್ಟ್ ಬೀಳಬಾರದಂತ ನಿಮ್ಮನ್ನ ದಿನಾ ನಲವತ್ತು ನಿಮಿಷ ನಿಲ್ಲಿಸಿದೆ. ತಪ್ಪು ನಂದು."

ಮೊದಲು ನಕ್ಕವನು ಶರಣಬಸಪ್ಪ. ಆಮೇಲೆ ಬಂದೇಅಲಿ. ಆಮೇಲೆ ಇಡೀ ಕ್ಲಬ್ಬು. ಗೋಪಾಲರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಹೆಂಗಸರ ಸಾಲಿನಲ್ಲಿ ವೃಂದಾ ಸೆರಗು ಬಾಯಿಗೆ ಹಚ್ಚಿಕೊಂಡರೂ ತಡೆಯದೆ ಗೊಳ್ಳೆಂದಳು. ಅತ್ತೆಯ ಮನೆಗೆ ಬಂದ ಮೇಲೆ ಅವಳು ದನಿ ತೆಗೆದು ನಕ್ಕದ್ದು ಅಂದೇ. ರಾಯರು ನೋಡಿದರೆ ಎದುರಿಗಿದ್ದ ಯಾರ ನಗೆಯಲ್ಲೂ ವಿಷವಿರಲಿಲ್ಲ. ತಡಗಾರರೆಲ್ಲ ಸುತ್ತ ನೆರೆದು ಅವರ ಬೆನ್ನು ತಟ್ಟುತ್ತಿದ್ದರು. ಅಷ್ಟು ಕರಾರುವಾಕ್ಕಾದ ಮನುಷ್ಯನೂ ಒಂದು ತಿಂಗಳು ತಪ್ಪಿದನಲ್ಲ ಎಂದು ಅವರಿಗೆಲ್ಲ ಪರಮಾನಂದವಾಗಿತ್ತು. ಫಳಾರದ ಪಂಕ್ತಿಯಲ್ಲಿ ರಾಯರ ಎಡಬಲಕ್ಕೆ ಕೂಡಲು ಜನ ಪೈಪೋಟಿ ಮಾಡಿದರು.

ಉಂಗುರ ವಾಪಸು ಹೋಯಿತು. ಗಡಿಯಾರ, ಛತ್ರಿ, ಕುರ್ಚಿಗಳೂ ಬೀಗರ ಜೊತೆಗೇ ಬಸ್ಸು ಹತ್ತಿದವು. ಬೇಳೆ ಅಷ್ಟರಲ್ಲಿ ಹೊಟ್ಟೆ ಸೇರಿತ್ತು, ಅದಕ್ಕೆ ಉಪಾಯವಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಟಣ್ ಎಂದಿತು. ವೃಂದಾ ಫೋನ್ ಹಿಡಿದು ನಿಂತಿದ್ದಳು. "ಮಾವನವರ ಪ್ಲಾನ್ ಬೀಳಬಾರದಲ್ಲ" ಎಂದು ಅತ್ತೆಗೆ ಹೇಳಿ, ತಾಯಿಗೆ ಸುರು ಮಾಡಿದಳು. ಇಪ್ಪತ್ತು ದಿನ ನುಂಗಿಕೊಂಡಿದ್ದ ಮಾತೆಲ್ಲ ಹೊರಗೆ ಬಂದವು: ಯಂತ್ರ, ಕಾರ್ಡು, ಮಾವನವರು ಬಾಗಿಲ ಹಿಂದೆ ಗಡಿಯಾರ ಹಿಡಿದು ನಿಂತದ್ದು. ಮಧ್ಯಾಹ್ನ ಮತ್ತೆ ಟಣ್, ಸಂಜೆಗೆ ಮತ್ತೊಂದು. ಅದೇ ನಂಬರಿನಲ್ಲಿ ಬೀಗಿತ್ತಿ ಸಿಗುತ್ತಾಳಲ್ಲ ಎಂದು ಪದ್ಮಜಾಬಾಯಿಯೂ ಸೇರಿಕೊಂಡಳು. ಗಂಡನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ಮೂವತ್ತು ವರ್ಷಕ್ಕೆ ಒಬ್ಬಳು ಸಿಕ್ಕಿದ್ದಳು. ಜಾನಕೀಬಾಯಿಯವರು ಸಹ ಮಡಿ ಬಿಟ್ಟ ಮೇಲೆ ಚಿಂಚೋಳಿಯ ಏಕಾದಶಿ ಯಾವಾಗ ಎಂದು ಕೇಳಲು ಹೋಗಿ ಅರ್ಧ ತಾಸು ಕೂತರು. ಭಾದ್ರಪದ ಮುಗಿದಾಗ ರಾಯರು ಕಾರ್ಡು ಕೂಡಿಸಿ ನೋಡಿದರು. ಚಿಂಚೋಳಿಗೆ ಎರಡು ಸಾವಿರದ ನೂರ ನಲವತ್ತು ನಿಮಿಷ. ಶೇಕಡಾ ತೊಂಬತ್ತೆಂಟು. ಜಗತ್ತಿನಲ್ಲಿ ಯಾವ ಮನೆಗೂ ಯಾವ ಪ್ಲಾನೂ ಇಷ್ಟು ಚೊಕ್ಕಟವಾಗಿ ಕೂತಿರಲಿಕ್ಕಿಲ್ಲ. ಗೆದ್ದದ್ದು ರಾಯರೇ. ಅದನ್ನು ಎಲ್ಲರೂ ಒಪ್ಪಿದರು.

ದಸರೆಯ ಹೊತ್ತಿಗೆ ಏನೋ ಕೆಲಸಕ್ಕೆ ರೈಲು ಹತ್ತಿ ವಾಡಿಗೆ ಹೋಗಿದ್ದ ರಾಯರಿಗೆ ವಾಪಸು ಬರುವ ಗಾಡಿ ಎರಡು ತಾಸು ತಡವೆಂದು ತಿಳಿಯಿತು. ಊಟಕ್ಕೆ ಕಾಯಬೇಡಿರೆಂದು ಮನೆಗೆ ಹೇಳೋಣವೆಂದು ಪ್ಲಾಟ್‌ಫಾರಮ್ಮಿನ ಕಾಯಿನ್ ಫೋನಿನ ಮುಂದೆ ನಿಂತರು. ಎಂಗೇಜ್. ಕಾಲು ತಾಸು ಬಿಟ್ಟು ಮಾಡಿದರು, ಎಂಗೇಜ್. ಅರ್ಧ ತಾಸಾಯಿತು, ಎಂಗೇಜ್. ಹಿಂದೆ ನಿಂತಿದ್ದ ರೇಲ್ವೆಯ ಹಾಜಿಮಲಂಗ್ ಎಂಬವನು ಅವರ ಮುಖವನ್ನೇ ನೋಡುತ್ತಿದ್ದು, ಆದಿತ್ಯನಗರದ ಪ್ಲಾನ್ ರಾಯರು ನೀವೇ ಅಲ್ಲವೇ ಎಂದು ಕೇಳಿದ. ಕೀರ್ತಿ ವಾಡಿ ಜಂಕ್ಷನ್ ತನಕ ಬಂದಿತ್ತು. ರಾಯರು ಶಲ್ಯ ಸರಿಪಡಿಸಿಕೊಂಡು ಹೌದೆಂದರು. ಹೊಸ ಮೊಬೈಲ್ ತೊಗೊಂಡಿದ್ದೇನೆ, ಯಾವ ಪ್ಲಾನ್ ಹಾಕಿಸಲಿ ಎಂದು ಅವನು ಕೇಳಿದ.

ರಾಯರು ಕಿವಿಯಲ್ಲಿ ಟೂಂ ಟೂಂ ಎನ್ನುತ್ತಿದ್ದ ಫೋನನ್ನು ಹಿಡಿದುಕೊಂಡೇ, ಬಲ್ಲವರ ಗಾಂಭೀರ್ಯದಿಂದ ಹೇಳಿದರು:

"ಅದೆಲ್ಲಾ ಆಮ್ಯಾಲೆ ನೋಡೂಣು. ಮೊದಲು ಹೇಳ್ರಿ, ನಿಮ್ಮ ಸೊಸಿ ತೌರುಮನಿ ಯಾವೂರು?"